ಹಿಮ, ಗಾಳಿ, ಗುಡ್ಡ ಕುಸಿತ: ಸ್ವಿಟ್ಜರ್ಲೆಂಡ್‌ನ ರಸ್ತೆ ಮತ್ತು ರೈಲಿಗೆ ಹವಾಮಾನ ಸೇವೆ – ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡ್‌ನ ಅರ್ಧಕ್ಕಿಂತ ಜಾಸ್ತಿ ನೆಲ ಆಲ್ಪ್ಸ್ ಬೆಟ್ಟಗಳದ್ದು. ಆದರೂ ಜನವರಿಯ ಚಳಿಯಲ್ಲಿ ಅಲ್ಲಿ ರೈಲು ಓಡುತ್ತದೆ, ಹಾಲಿನ ಲಾರಿ ಹಳ್ಳಿಗೆ ಬರುತ್ತದೆ, ಮಕ್ಕಳು ಬಸ್ಸು ಹತ್ತಿ ಶಾಲೆಗೆ ಹೋಗುತ್ತಾರೆ. ಇದೆಲ್ಲ ಹೇಗೆ ಸಾಧ್ಯ ಅಂತ ಕೇಳುವವರು ಬಹಳ. ಪ್ರವಾಸಕ್ಕೆ ಹೊರಟವರು, ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ ಕನ್ನಡಿಗರು, ನಮ್ಮ ಘಟ್ಟದ ರಸ್ತೆಗಳ ಬಗ್ಗೆ ಕಾಳಜಿ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಓದುವಾಗ ಒಂದು ಮಾತು ನೆನಪಿರಲಿ: ಈ ಹವಾಮಾನ ಸೇವೆ ಇರುವುದು ರಸ್ತೆಯನ್ನು ಸದಾ ತೆರೆದಿಡುವುದಕ್ಕೆ ಮಾತ್ರ ಅಲ್ಲ. ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದೂ ಇದರ ಕೆಲಸವೇ. ನನ್ನ ಮಟ್ಟಿಗೆ ಅದೇ ದೊಡ್ಡ ಕೆಲಸ.

ಟಿವಿಯಲ್ಲಿ ಹವಾಮಾನ ಹೇಳುತ್ತಾರಲ್ಲ, ರಸ್ತೆಗೂ ರೈಲಿಗೂ ಬೇರೆ ಸೇವೆ ಯಾಕೆ?

ಟಿವಿಯಲ್ಲಿ ಹೇಳುವುದು ಊರಿನ ಹವಾಮಾನ. ನಾಳೆ ಹಿಮ ಬೀಳಬಹುದು, ಉಷ್ಣಾಂಶ ಮೈನಸ್ 2 ಅಂದರೆ ಸ್ವೆಟರ್ ಹಾಕಿಕೊಳ್ಳಬೇಕು ಅಂತ ಗೊತ್ತಾಗುತ್ತದೆ, ಅಷ್ಟೆ. ರಸ್ತೆ ನೋಡಿಕೊಳ್ಳುವವರು ಕೇಳುವುದೇ ಬೇರೆ. ಹಿಮ ರಾತ್ರಿ ಎರಡಕ್ಕೆ ಶುರುವಾಗುತ್ತದೋ, ಬೆಳಿಗ್ಗೆ ಆರಕ್ಕೋ? ಮೊದಲು ಮಳೆ ಬಂದು ಆಮೇಲೆ ಹಿಮವೋ, ಮೊದಲಿನಿಂದಲೇ ಹಿಮವೋ? ಮಳೆ ಮೊದಲು ಬಂದರೆ ಹಾಕಿದ ಉಪ್ಪೆಲ್ಲ ತೊಳೆದು ಹೋಗುತ್ತದೆ. ರೈಲಿನವರಿಗೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಹಳಿಯ ಮೇಲಿನ ಇಳಿಜಾರಿನಲ್ಲಿ ಎಷ್ಟು ಹಿಮ ಸೇರಿದೆ, ಹಳಿ ಬದಲಾಯಿಸುವ ಪಾಯಿಂಟ್‌ಗಳ ಹೀಟರ್ ಎಷ್ಟು ಹೊತ್ತಿಗೆ ಹಾಕಬೇಕು ಅನ್ನುವುದು ಬೇಕು. ಅದೇ ಮೋಡ, ಅದೇ ಗಾಳಿ. ಕೇಳುವವರ ಕೆಲಸ ಬೇರೆ, ಹಾಗಾಗಿ ಉತ್ತರವೂ ಬೇರೆ.

ಈ ಕೆಲಸ ಯಾರು ಯಾರು ಮಾಡುತ್ತಾರೆ?

ಒಂದೇ ಇಲಾಖೆ ಅಲ್ಲ. ಮಳೆ, ಗಾಳಿ, ಹಿಮ, ಸೆಕೆ ಇವು ರಾಷ್ಟ್ರೀಯ ಹವಾಮಾನ ಇಲಾಖೆಯಾದ ಮೆಟಿಯೋಸ್ವಿಸ್‌ನ ಪಾಲು. ಇದರ ಮೂಲ ಸಂಸ್ಥೆ ಶುರುವಾದದ್ದು 1881ರಲ್ಲಿ. ಹಿಮಕುಸಿತದ ಎಚ್ಚರಿಕೆ ಕೊಡುವುದು ದಾವೋಸ್‌ನಲ್ಲಿರುವ ಎಸ್‌ಎಲ್‌ಎಫ್ ಎಂಬ ಹಿಮ ಸಂಶೋಧನಾ ಸಂಸ್ಥೆ. ನದಿ ಪ್ರವಾಹದ ಎಚ್ಚರಿಕೆ ಪರಿಸರ ಇಲಾಖೆಯದ್ದು. ಹೆದ್ದಾರಿಗಳು ಕೇಂದ್ರ ರಸ್ತೆ ಇಲಾಖೆಯ ಕೈಯಲ್ಲಿವೆ, ಉಳಿದ ಮುಖ್ಯ ರಸ್ತೆಗಳು ಕ್ಯಾಂಟನ್‌ಗಳದ್ದು, ಅಂದರೆ ಅಲ್ಲಿನ ರಾಜ್ಯಗಳದ್ದು. ರೈಲಿನಲ್ಲಿ ರಾಷ್ಟ್ರೀಯ ರೈಲ್ವೆಯಾದ ಎಸ್‌ಬಿಬಿ ಜೊತೆಗೆ ರೇಟಿಯನ್ ರೈಲ್ವೆಯಂಥ ಬೆಟ್ಟದ ರೈಲ್ವೆಗಳೂ ಇವೆ. ಇವರೆಲ್ಲ ತಮ್ಮದೇ ಹಿಮ ತಜ್ಞರನ್ನೋ ಖಾಸಗಿ ಹವಾಮಾನ ಕಂಪನಿಗಳನ್ನೋ ಇಟ್ಟುಕೊಂಡಿರುತ್ತಾರೆ. ಇಷ್ಟು ಜನ ಸೇರಿ ಗೊಂದಲ ಆಗುವುದಿಲ್ಲವೇ ಅಂದರೆ, ಮೊದಲು ಆಗುತ್ತಿತ್ತು. ಈಗ ಎಲ್ಲ ಇಲಾಖೆಗಳ ಎಚ್ಚರಿಕೆಯೂ ಒಂದೇ ಸರ್ಕಾರಿ ತಾಣದಲ್ಲಿ ಸಿಗುತ್ತದೆ.

ಬೆಟ್ಟದ ನಾಡಿನಲ್ಲಿ ಮುನ್ಸೂಚನೆ ಹೇಳುವುದು ಅಷ್ಟು ಕಷ್ಟ ಯಾಕೆ?

ಒಂದು ಕಣಿವೆಯಲ್ಲಿ ಬಿಸಿಲು, ಪಕ್ಕದ ಕಣಿವೆಯಲ್ಲಿ ಹಿಮಗಾಳಿ. ನಡುವೆ ಇರುವುದು ಒಂದೇ ಬೆಟ್ಟ. ಇದೇ ಮೊದಲ ಕಷ್ಟ.

ಎರಡನೆಯದು ರಾಡಾರ್. ರಾಡಾರ್ ಅಲೆ ನೇರವಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದಿನ ಮಳೆ ಕಾಣುವುದೇ ಇಲ್ಲ. ಅದಕ್ಕೇ ಸ್ವಿಸ್ ಜನ ರಾಡಾರ್‌ಗಳನ್ನು ಶಿಖರಗಳ ಮೇಲೆ ಕೂರಿಸಿದ್ದಾರೆ. ದೇಶದಲ್ಲಿ ಒಟ್ಟು ಐದು ಇವೆ. ಹಳೆಯ ಮೂರು ಆಲ್ಬಿಸ್, ಲಾ ಡೋಲ್, ಮಾಂಟೆ ಲೆಮಾ ಬೆಟ್ಟಗಳ ಮೇಲಿವೆ. ಅವುಗಳಿಗೆ ಕಾಣದ ಒಳಕಣಿವೆಗಳಿಗಾಗಿ ಇನ್ನೆರಡನ್ನು ಪ್ಲೇನ್ ಮಾರ್ಟ್ ಮತ್ತು ವೈಸ್‌ಫ್ಲೂಗಿಪ್ಫೆಲ್‌ನಲ್ಲಿ, 2,800 ಮೀಟರ್‌ಗೂ ಎತ್ತರದಲ್ಲಿ ಕಟ್ಟಿದರು. ಅಷ್ಟು ಎತ್ತರದಲ್ಲಿ ಯಂತ್ರ ಕೆಟ್ಟರೆ ರಿಪೇರಿಗೆ ಹೋಗುವುದೇ ಒಂದು ಸಾಹಸ. ಆದರೂ ಮಾಡಿದರು, ಯಾಕೆಂದರೆ ಆ ಕಣಿವೆಗಳಲ್ಲೂ ರಸ್ತೆ ಇದೆ, ಜನ ಇದ್ದಾರೆ.

ಮೂರನೆಯದು ಫ್ಯೋನ್ ಗಾಳಿ. ಇಟಲಿ ಕಡೆಯಿಂದ ಬೆಟ್ಟ ಹತ್ತಿ ಬಂದ ಗಾಳಿ ಮಳೆಯನ್ನೆಲ್ಲ ಅಲ್ಲೇ ಸುರಿಸಿ, ಒಣಗಿ, ಈಚೆ ಕಡೆಗೆ ಇಳಿಯುತ್ತದೆ. ಇಳಿಯುವಾಗ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬಿಸಿಯಾಗುತ್ತದೆ. ಚಳಿಗಾಲದ ನಡುವೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಗೂ ಜಾಸ್ತಿ ಏರಿಬಿಡುತ್ತದೆ. ಹಿಮ ನೆನೆದು ಭಾರವಾಗಿ ಜಾರತೊಡಗುತ್ತದೆ. ಜೊತೆಗೆ ಗಾಳಿಯ ಹೊಡೆತ ಎತ್ತರದ ಲಾರಿಗಳನ್ನು ಮಗುಚುವಷ್ಟಿರುತ್ತದೆ.

ಮಳೆ ಎಷ್ಟು ಎತ್ತರದಲ್ಲಿ ಹಿಮವಾಗುತ್ತದೆ ಅನ್ನುವುದು ಇನ್ನೂ ಸೂಕ್ಷ್ಮ. ಕಿರಿದಾದ ಕಣಿವೆಯಲ್ಲಿ ಜೋರಾಗಿ ಸುರಿಯುವಾಗ ಕರಗುವ ಹಿಮವೇ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಆಗ ಹಿಮದ ಗೆರೆ ನೂರಾರು ಮೀಟರ್ ಕೆಳಗಿಳಿಯುತ್ತದೆ. 1,200 ಮೀಟರ್ ಮೇಲೆ ಮಾತ್ರ ಹಿಮ ಅಂದುಕೊಂಡು ಹೊರಟವರಿಗೆ 700 ಮೀಟರಿನಲ್ಲೇ ರಸ್ತೆ ಬೆಳ್ಳಗೆ ಕಾಣಬಹುದು. ಇದನ್ನೆಲ್ಲ ಹಿಡಿಯಲು ಮೆಟಿಯೋಸ್ವಿಸ್ ಸುಮಾರು 1 ಕಿಲೋಮೀಟರ್ ಚೌಕಗಳಾಗಿ ಆಲ್ಪ್ಸ್ ಪ್ರದೇಶವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಬಳಸುತ್ತದೆ. ಸುಮಾರು 160 ಸ್ವಯಂಚಾಲಿತ ಕೇಂದ್ರಗಳಿಂದ ಪ್ರತಿ 10 ನಿಮಿಷಕ್ಕೆ ಅಳತೆಗಳೂ ಬರುತ್ತವೆ.

ಗಾಳಿಯ ಉಷ್ಣಾಂಶ ಸೊನ್ನೆಗಿಂತ ಮೇಲಿದ್ದರೂ ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟುವುದು ಹೇಗೆ?

ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಎರಡು ಮೀಟರ್ ಮೇಲೆ. ಕಾರಿನ ಚಕ್ರ ಇರುವುದು ನೆಲದ ಮೇಲೆ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿ 2 ಡಿಗ್ರಿ ಇದ್ದಾಗಲೂ ಡಾಂಬರಿನ ಮೈ ಮೈನಸ್ 2 ಆಗಿರಬಹುದು. ಸೇತುವೆಗಳ ಕಥೆ ಇನ್ನೂ ಬೇರೆ. ಕೆಳಗಿನಿಂದ ಮಣ್ಣಿನ ಬಿಸಿ ಇಲ್ಲ, ಎರಡೂ ಕಡೆಯಿಂದ ಗಾಳಿ. ಅವು ಮೊದಲು ಹೆಪ್ಪುಗಟ್ಟುತ್ತವೆ.

ಇದಕ್ಕಾಗಿ ಹೆದ್ದಾರಿಗಳಲ್ಲಿ ಆಯ್ದ ಕಡೆ ಡಾಂಬರಿನೊಳಗೇ ಸೆನ್ಸರ್ ಹೂತಿರುತ್ತಾರೆ. ನೋಡಲು ಅಂಗೈಯಗಲದ ಕರಿ ಬಿಲ್ಲೆ, ರಸ್ತೆಯ ಮಟ್ಟಕ್ಕೆ ಸರಿಯಾಗಿ ಕೂತಿರುತ್ತದೆ. ಮೇಲೆ ಲಾರಿ ಹೋದರೂ ಏನೂ ಆಗದು. ಅದು ರಸ್ತೆ ಒದ್ದೆಯೋ ಒಣಗಿದೆಯೋ, ಮೈ ಎಷ್ಟು ತಣ್ಣಗಿದೆ, ನೀರಿನಲ್ಲಿ ಉಪ್ಪು ಉಳಿದಿದೆಯೋ ಇಲ್ಲವೋ ಅಂತ ಹೇಳುತ್ತದೆ. ಕೆಲವು ಸೆನ್ಸರ್‌ಗಳು ಇನ್ನೂ ಜಾಣ. ತಮ್ಮನ್ನು ತಾವೇ ಸ್ವಲ್ಪ ತಣ್ಣಗೆ ಮಾಡಿಕೊಂಡು, ಮೇಲಿರುವ ನೀರು ಯಾವ ಉಷ್ಣಾಂಶಕ್ಕೆ ಗಟ್ಟಿಯಾಗುತ್ತದೆ ಅಂತ ಮೊದಲೇ ಪರೀಕ್ಷೆ ಮಾಡುತ್ತವೆ. ಪಕ್ಕದ ಕಂಬದ ಮೇಲೆ ಗಾಳಿ, ತೇವಾಂಶ, ಮಳೆ ಅಳೆಯುವ ಯಂತ್ರಗಳು ಇರುತ್ತವೆ. ರಾತ್ರಿ ಪಾಳಿಯವರು ಈ ಅಂಕಿಗಳನ್ನೂ ಮುನ್ಸೂಚನೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ಗಾಡಿ ಯಾವಾಗ ಹೊರಡಬೇಕು ಅಂತ ತೀರ್ಮಾನಿಸುತ್ತಾರೆ.

ಮಂಜುಗಡ್ಡೆ ಕಟ್ಟಿದ ಮೇಲೆ ಉಪ್ಪು ಹಾಕುತ್ತಾರಾ, ಮೊದಲೇ ಹಾಕುತ್ತಾರಾ?

ಸಾಧ್ಯವಾದರೆ ಮೊದಲೇ. ಕಟ್ಟಿದ ಗಡ್ಡೆಯನ್ನು ಕರಗಿಸಲು ಬೇಕಾಗುವ ಉಪ್ಪು ಜಾಸ್ತಿ, ಕಟ್ಟದಂತೆ ತಡೆಯಲು ಬೇಕಾಗುವುದು ಕಡಿಮೆ. ಸಾಮಾನ್ಯವಾಗಿ ಚದರ ಮೀಟರಿಗೆ 10ರಿಂದ 20 ಗ್ರಾಂ ಸಾಕಾಗುತ್ತದೆ. ಒಣ ಉಪ್ಪನ್ನು ಹಾಗೇ ಎರಚಿದರೆ ಗಾಳಿಗೆ, ಚಕ್ರಕ್ಕೆ ಸಿಕ್ಕಿ ಪಕ್ಕಕ್ಕೆ ಹಾರಿಹೋಗುತ್ತದೆ. ಅದಕ್ಕೆ ಉಪ್ಪುನೀರು ಬೆರೆಸಿ ಒದ್ದೆ ಮಾಡಿ ಹಾಕುತ್ತಾರೆ. ಸುಮಾರು ಮೈನಸ್ 8ಕ್ಕಿಂತ ಚಳಿ ಇಳಿದರೆ ಅಡುಗೆ ಉಪ್ಪಿನ ಜಾತಿಯ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಬೇರೆ ಲವಣ, ಇಲ್ಲವೇ ಜಲ್ಲಿ. ಉಪ್ಪು ಜಾಸ್ತಿಯಾದರೆ ಪಕ್ಕದ ಮರ ಒಣಗುತ್ತದೆ, ಸೇತುವೆಯ ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಳ್ಳೆಯ ಮುನ್ಸೂಚನೆಯಿಂದ ಅಪಘಾತವಷ್ಟೇ ಅಲ್ಲ, ಇದೂ ತಪ್ಪುತ್ತದೆ.

ಹಿಮಕುಸಿತದ ಎಚ್ಚರಿಕೆಯಲ್ಲಿ 1ರಿಂದ 5ರ ಮಟ್ಟ ಅಂದರೇನು?

ಇದು 1993ರಿಂದ ಯುರೋಪಿನಲ್ಲೆಲ್ಲ ಬಳಕೆಯಲ್ಲಿರುವ ಅಳತೆ. 1 ಅಂದರೆ ಅಪಾಯ ಕಡಿಮೆ, 5 ಅಂದರೆ ಅತಿ ಹೆಚ್ಚು. ಚಳಿಗಾಲದಲ್ಲಿ ಎಸ್‌ಎಲ್‌ಎಫ್ ದಿನಾ ಸಂಜೆ 5ಕ್ಕೆ ಪ್ರಕಟಣೆ ಹೊರಡಿಸುತ್ತದೆ, ಬೆಳಿಗ್ಗೆ 8ಕ್ಕೆ ಅದನ್ನು ಮತ್ತೆ ಸರಿಪಡಿಸುತ್ತದೆ. ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ನಾಲ್ಕರಲ್ಲೂ ಸಿಗುತ್ತದೆ.

ಬರೀ ಸಂಖ್ಯೆ ನೋಡಿ ಬಿಡಬೇಡಿ. ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ, ಹೊಸ ಹಿಮವೋ ಗಾಳಿ ತಂದು ಗುಡ್ಡೆ ಹಾಕಿದ ಹಿಮವೋ, ಹಳೆಯ ಪದರ ದುರ್ಬಲವಾಗಿದೆಯೋ ಅನ್ನುವುದೆಲ್ಲ ಕೆಳಗೆ ಬರೆದಿರುತ್ತದೆ. ರಸ್ತೆ, ರೈಲಿನವರು ಆ ಸಾಲುಗಳನ್ನೇ ಹುಡುಕಿ ಓದುತ್ತಾರೆ. ಅವರ ದಾರಿಯ ಮೇಲಿನ ಇಳಿಜಾರು ಯಾವ ಕಡೆ ಮುಖ ಮಾಡಿದೆ ಅಂತ ಅವರಿಗೆ ಗೊತ್ತಿರುತ್ತದಲ್ಲ.

ಹಿಮದ ಒಳಗೆ ಏನು ನಡೆಯುತ್ತಿದೆ ಅಂತ ಹೇಗೆ ತಿಳಿಯುತ್ತಾರೆ?

ಒಂದು, ಯಂತ್ರಗಳಿಂದ. ಬೆಟ್ಟದ ಮೇಲೆ, ಹಿಮ ಜಾರಲು ಶುರುವಾಗುವ ಎತ್ತರಗಳಲ್ಲಿ, ಹಿಮದ ಆಳ, ಗಾಳಿ, ಉಷ್ಣಾಂಶ ಅಳೆಯುವ ಸ್ವಯಂಚಾಲಿತ ಕೇಂದ್ರಗಳಿವೆ. ಇನ್ನೊಂದು, ಮನುಷ್ಯರಿಂದ. ಎಸ್‌ಎಲ್‌ಎಫ್‌ಗೆ ವರದಿ ಕೊಡುವ ಸುಮಾರು 200 ವೀಕ್ಷಕರಿದ್ದಾರೆ. ಅವರಲ್ಲಿ ಅನೇಕರು ಅದೇ ಕಣಿವೆಯ ಊರಿನವರು.

ಇವರ ಕೆಲಸ ಹತ್ತಿರದಿಂದ ಹೀಗೆ. ಇಳಿಜಾರಿನಲ್ಲಿ ಸಲಿಕೆಯಿಂದ ನೆಲ ಸಿಗುವವರೆಗೆ ಹಿಮ ಅಗೆಯುತ್ತಾರೆ. ಗುಂಡಿಯ ಒಂದು ಗೋಡೆಯನ್ನು ನೇರವಾಗಿ ಕೆತ್ತುತ್ತಾರೆ. ಆಗ ಇಡೀ ಚಳಿಗಾಲದಲ್ಲಿ ಬಿದ್ದ ಹಿಮವೆಲ್ಲ ಪದರಪದರವಾಗಿ ಕಾಣುತ್ತದೆ. ಪ್ರತಿ ಪದರವನ್ನೂ ಮೊದಲು ಮುಷ್ಟಿ, ಆಮೇಲೆ ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕುವಿನಿಂದ ಒತ್ತಿ ಎಷ್ಟು ಗಟ್ಟಿ ಅಂತ ಗುರುತು ಹಾಕಿಕೊಳ್ಳುತ್ತಾರೆ. ಒಂದು ಚಿಟಿಕೆ ಹಿಮವನ್ನು ಕರಿ ತಗಡಿನ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡುತ್ತಾರೆ. ತಳದ ಪದರದ ಹರಳುಗಳು ಸಕ್ಕರೆಯ ಹಾಗೆ ಬಿಡಿಬಿಡಿಯಾಗಿ ಉದುರಿದರೆ ಎದೆ ಝಲ್ ಅನ್ನುತ್ತದೆ. ಒಂದಕ್ಕೊಂದು ಅಂಟದ ಆ ಪದರದ ಮೇಲೆ ಎಷ್ಟೇ ಹಿಮ ಕೂತರೂ ಅದಕ್ಕೆ ಹಿಡಿತ ಇರುವುದಿಲ್ಲ. ಕೊನೆಗೆ ಹಿಮದ ಒಂದು ಕಂಬ ಕತ್ತರಿಸಿ, ಮೇಲೆ ಸಲಿಕೆ ಇಟ್ಟು, ಕೈಯಿಂದ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಟ್ಟುತ್ತಾರೆ. ಎಷ್ಟನೇ ಪೆಟ್ಟಿಗೆ ಕಂಬ ಬಿರುಕು ಬಿಟ್ಟು ಜಾರಿತು ಅನ್ನುವುದನ್ನು ಬರೆದುಕೊಳ್ಳುತ್ತಾರೆ.

ದಾವೋಸ್ ಮೇಲಿನ ವೈಸ್‌ಫ್ಲೂಯೋಕ್‌ನಲ್ಲಿ, 2,540 ಮೀಟರ್ ಎತ್ತರದಲ್ಲಿ, 1936ರಿಂದ ಈ ರೀತಿಯ ಅಳತೆ ನಡೆದುಕೊಂಡು ಬಂದಿದೆ.

ರಸ್ತೆ ಅಥವಾ ರೈಲು ಮುಚ್ಚುವ ತೀರ್ಮಾನ ಯಾರದು?

ಬಹಳ ಜನ ಹವಾಮಾನ ಇಲಾಖೆಯದ್ದು ಅಂದುಕೊಂಡಿದ್ದಾರೆ. ಅಲ್ಲ. ಮೆಟಿಯೋಸ್ವಿಸ್ ಆಗಲಿ ಎಸ್‌ಎಲ್‌ಎಫ್ ಆಗಲಿ ಒಂದು ರಸ್ತೆಯನ್ನೂ ಮುಚ್ಚುವುದಿಲ್ಲ. ಅವರು ಪ್ರದೇಶದ ಅಪಾಯ ಹೇಳುತ್ತಾರೆ. ಈ ತಿರುವಿನ ಮೇಲಿರುವ ಈ ಇಳಿಜಾರು ಇವತ್ತು ರಾತ್ರಿ ಜಾರೀತೇ ಅನ್ನುವುದನ್ನು ತೀರ್ಮಾನಿಸುವವರು ಸ್ಥಳೀಯರು. ಬೆಟ್ಟದ ಊರುಗಳಲ್ಲಿ ಹಿಮಕುಸಿತ ಸಮಿತಿ ಇರುತ್ತದೆ. ಅದರಲ್ಲಿ ಅರಣ್ಯದವರು, ರಸ್ತೆಯವರು, ಬೆಟ್ಟದ ಗೈಡ್‌ಗಳು ಇರಬಹುದು. ಅವರು ಬೆಳಗಿನ ಜಾವ ಎದ್ದು ಹಿಮ ಅಳೆದು, ಪ್ರಕಟಣೆ ಓದಿ, ಒಬ್ಬರಿಗೊಬ್ಬರು ಫೋನ್ ಮಾಡಿ ಸಲಹೆ ಕೊಡುತ್ತಾರೆ. ರೈಲಿನ ವಿಷಯದಲ್ಲಿ ರೈಲ್ವೆಯವರ ತಜ್ಞರೂ ಇದರಲ್ಲಿ ಸೇರುತ್ತಾರೆ.

ಇದು ಹಗುರವಾದ ಜವಾಬ್ದಾರಿ ಅಲ್ಲ. 1999ರ ಫೆಬ್ರವರಿ 21ರಂದು ವಾಲೇ ಕ್ಯಾಂಟನ್‌ನ ಎವೊಲೆನ್‌ನಲ್ಲಿ ಹಿಮಕುಸಿತಕ್ಕೆ 12 ಜನ ಬಲಿಯಾದರು. ರಸ್ತೆ ಮುಚ್ಚಿಸದೆ, ಜನರನ್ನು ತೆರವು ಮಾಡಿಸದೆ ಇದ್ದದ್ದಕ್ಕೆ ಊರಿನ ಅಧ್ಯಕ್ಷರಿಗೂ ಸುರಕ್ಷತೆಯ ಮುಖ್ಯಸ್ಥರಿಗೂ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಆ ತೀರ್ಪು ಆಲ್ಪ್ಸ್ ಊರುಗಳಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ಮುಚ್ಚಿದರೆ ಹೋಟೆಲಿನವರು, ವ್ಯಾಪಾರಿಗಳು ಬೈಯುತ್ತಾರೆ. ಮುಚ್ಚದೆ ಬಿಟ್ಟು ಅನಾಹುತವಾದರೆ ಜೀವ ಹೋಗುತ್ತದೆ. ಈ ನಡುವೆ ನಿಂತು ರಾತ್ರಿ ಹೊತ್ತಲ್ಲಿ ತೀರ್ಮಾನ ಮಾಡುವವರ ಕಷ್ಟ ನಮಗೆ ಅರ್ಥವಾಗಬೇಕು.

ಹಾಗಾದರೆ 1999ರ ನಂತರ ಏನಾದರೂ ಬದಲಾಯಿತೇ?

ಬದಲಾಯಿತು, ಅದಕ್ಕೆ ಮೊದಲೂ ಬದಲಾಗುತ್ತಲೇ ಬಂದಿತ್ತು. 1950–51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಹಿಮಕುಸಿತಕ್ಕೆ 98 ಜನ ಸತ್ತಿದ್ದರು. 1999ರಲ್ಲಿ ಮನೆಗಳಲ್ಲಿ, ರಸ್ತೆಗಳಲ್ಲಿ ಸತ್ತವರು 17. 1999ರ ನಂತರ ಸ್ವಯಂಚಾಲಿತ ಕೇಂದ್ರಗಳು ಹೆಚ್ಚಿದವು, ಸ್ಥಳೀಯ ಸಮಿತಿಯವರಿಗೆ ತರಬೇತಿ ಶುರುವಾಯಿತು, ಇಲಾಖೆಗಳ ನಡುವೆ ಮಾಹಿತಿ ಬೇಗ ಹರಿಯತೊಡಗಿತು.

2018ರ ಜನವರಿಯಲ್ಲಿ ಪರೀಕ್ಷೆಯ ಹೊತ್ತು ಬಂತು. 1999ರ ನಂತರ ಮೊದಲ ಸಲ ವಿಶಾಲ ಪ್ರದೇಶಕ್ಕೆ 5ನೇ ಮಟ್ಟದ ಎಚ್ಚರಿಕೆ ಹೊರಬಿತ್ತು. ಜೆರ್ಮಟ್‌ಗೆ ಹೋಗುವ ರಸ್ತೆ, ರೈಲು ಎರಡೂ ಮುಚ್ಚಿದವು. ಸುಮಾರು 13,000 ಪ್ರವಾಸಿಗರು ಅಲ್ಲೇ ಉಳಿದರು, ಹವಾಮಾನ ಬಿಟ್ಟುಕೊಟ್ಟಾಗ ಕೆಲವರನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿದರು. ಪತ್ರಿಕೆಗಳಲ್ಲಿ ಅದು "ಸಿಕ್ಕಿಬಿದ್ದ ಪ್ರವಾಸಿಗರು" ಅಂತ ಬಂತು. ನನಗೆ ಅದು ಸೇವೆ ಸರಿಯಾಗಿ ಕೆಲಸ ಮಾಡಿದ ದಿನ ಅನ್ನಿಸುತ್ತದೆ. ಬೆಟ್ಟದ ಮೇಲೆ ಅಷ್ಟು ಹಿಮ ಇದ್ದಾಗ ದಾರಿಯಲ್ಲಿ ಯಾರೂ ಇರಲಿಲ್ಲ.

ಮುಚ್ಚಿದ ರಸ್ತೆಯನ್ನು ಮತ್ತೆ ಹೇಗೆ ತೆರೆಯುತ್ತಾರೆ? ಹಿಮ ತಾನಾಗಿ ಬೀಳುವವರೆಗೆ ಕಾಯುತ್ತಾರಾ?

ಅನೇಕ ಕಡೆ ಕಾಯುವುದಿಲ್ಲ, ತಾವೇ ಬೀಳಿಸುತ್ತಾರೆ. ರಸ್ತೆ ಖಾಲಿ ಇರುವಾಗ, ಹಿಮ ಇನ್ನೂ ಜಾಸ್ತಿ ಸೇರುವ ಮೊದಲೇ ಸ್ಫೋಟಕದಿಂದ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಹೆಲಿಕಾಪ್ಟರ್‌ನಿಂದ ಹಾಕುವುದುಂಟು. ಆದರೆ ಹಿಮಗಾಳಿ ಬೀಸುವಾಗ ಹೆಲಿಕಾಪ್ಟರ್ ಹಾರಲಾಗದು. ಅದಕ್ಕೇ ಕೆಲವು ಇಳಿಜಾರುಗಳ ನೆತ್ತಿಯಲ್ಲಿ ಕಬ್ಬಿಣದ ಗೋಪುರ ನಿಲ್ಲಿಸಿ, ಕೆಳಗಿನಿಂದಲೇ ಗುಂಡಿ ಒತ್ತಿ ಸ್ಫೋಟಿಸುವ ಏರ್ಪಾಡು ಮಾಡಿದ್ದಾರೆ. ಹಿಮ ನಿಜವಾಗಿ ಜಾರಿತೇ ಅಂತ ಕತ್ತಲಲ್ಲಿ, ಮಂಜಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ರಾಡಾರ್ ನೋಡುತ್ತದೆ. ಕೆಲವು ಕಡೆ ರಾಡಾರ್ ಹಿಮ ಜಾರುವುದನ್ನು ಕಂಡ ಕೂಡಲೇ ಕೆಳಗಿನ ರಸ್ತೆಗೆ ಕೆಂಪು ದೀಪ ತಾನಾಗೇ ಹತ್ತುತ್ತದೆ.

ರೈಲಿಗೆ ಹಿಮದಿಂದ ನಿಜವಾದ ತೊಂದರೆ ಏನು? ಅಷ್ಟು ಭಾರದ ಎಂಜಿನ್ ಹಿಮ ತಳ್ಳಿಕೊಂಡು ಹೋಗುವುದಿಲ್ಲವೇ?

ತಳ್ಳಿಕೊಂಡು ಹೋಗುತ್ತದೆ. ರೈಲು ನಿಲ್ಲುವುದು ಸಾಮಾನ್ಯವಾಗಿ ಪಾಯಿಂಟ್‌ನಲ್ಲಿ. ಹಳಿ ಬದಲಾಯಿಸುವ ಜಾಗದಲ್ಲಿ ಚಲಿಸುವ ಹಳಿಗೂ ಸ್ಥಿರ ಹಳಿಗೂ ನಡುವೆ ಒಂದು ಹಿಡಿ ಹಿಮ ಸಿಕ್ಕಿಕೊಂಡರೆ ಸಾಕು, ಪಾಯಿಂಟ್ ಪೂರ್ತಿ ಕೂರುವುದಿಲ್ಲ, ಸಿಗ್ನಲ್ ಕೆಂಪಾಗೇ ಉಳಿಯುತ್ತದೆ. ಹಾಗಾಗಿ ಸಾವಿರಾರು ಪಾಯಿಂಟ್‌ಗಳಿಗೆ ಹೀಟರ್ ಇದೆ. ಕೆಲವಕ್ಕೆ ಕರೆಂಟು, ಕೆಲವಕ್ಕೆ ಗ್ಯಾಸ್. ಹಿಮ ಬೀಳುವಾಗ ಸ್ಟೇಷನ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿ, ಸುತ್ತ ಎಲ್ಲ ಬೆಳ್ಳಗಿದ್ದರೂ ಪಾಯಿಂಟ್ ಇರುವ ಕಡೆ ಹಳಿ ಮಾತ್ರ ಕಪ್ಪಗೆ, ಒದ್ದೆಯಾಗಿ, ಸಣ್ಣಗೆ ಹಬೆಯಾಡುತ್ತಿರುತ್ತದೆ. ಹೀಟರ್ ಹಾಕಿದ ಕೂಡಲೇ ಹಳಿ ಬಿಸಿಯಾಗುವುದಿಲ್ಲ. ಮುನ್ಸೂಚನೆ ಬೇಕಾಗುವುದು ಇಲ್ಲೇ.

ಇನ್ನೊಂದು ತೊಂದರೆ ಮೇಲಿನ ಕರೆಂಟ್ ತಂತಿಗೆ ಅಂಟುವ ಮಂಜುಗಡ್ಡೆ. ಮತ್ತೊಂದು, ಬೋಗಿಯ ಅಡಿಯಲ್ಲಿ ಕಟ್ಟಿದ ಗಡ್ಡೆಗಳು. ಬೆಚ್ಚಗಿರುವ ಉದ್ದ ಸುರಂಗದೊಳಗೆ ಹೋದಾಗ ಅವು ಕಳಚಿ ಬೀಳುತ್ತವೆ.

ಬೆಟ್ಟದ ಮಾರ್ಗಗಳಲ್ಲಿ ಹಿಮ ಚಿಮ್ಮಿಸುವ ಯಂತ್ರಗಳೇ ಬೇಕು. ರೇಟಿಯನ್ ರೈಲ್ವೆಯ ಬರ್ನಿನಾ ಮಾರ್ಗ 2,253 ಮೀಟರ್ ಎತ್ತರದವರೆಗೆ ಬಯಲಲ್ಲೇ ಹತ್ತುತ್ತದೆ, ನೆತ್ತಿಯಲ್ಲಿ ಸುರಂಗ ಇಲ್ಲ. ಆದರೂ ವರ್ಷವಿಡೀ ರೈಲು ಓಡಿಸುತ್ತಾರೆ.

ಫುರ್ಕಾ ಮಾರ್ಗದಲ್ಲಿ ಹಿಂದಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಸ್ಟೆಫೆನ್‌ಬಾಖ್ ಹಳ್ಳದಲ್ಲಿ ಹಿಮಕುಸಿತ ಖಚಿತ, ಯಾವ ಸೇತುವೆಯೂ ನಿಲ್ಲದು. ಹಾಗಾಗಿ 1925ರಲ್ಲಿ ಮಡಚುವ ಸೇತುವೆಯನ್ನೇ ಕಟ್ಟಿದರು. ಶರತ್ಕಾಲದಲ್ಲಿ ಅದನ್ನು ಮೂರು ಭಾಗವಾಗಿ ಬಿಚ್ಚಿ ದಡಕ್ಕೆ ಎಳೆದಿಡುತ್ತಾರೆ, ವಸಂತದಲ್ಲಿ ಮತ್ತೆ ಜೋಡಿಸುತ್ತಾರೆ. ಇವತ್ತಿಗೂ ಅಲ್ಲಿ ಓಡುವ ಉಗಿ ರೈಲಿಗಾಗಿ ಈ ಕೆಲಸ ನಡೆಯುತ್ತಿದೆ. ಬೆಟ್ಟದ ಜೊತೆ ಹಟ ಹಿಡಿಯದೆ ಬದುಕುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಟ್ಟಡ ನನಗೆ ಗೊತ್ತಿಲ್ಲ.

ಗಾಳಿಗೆ ರೈಲು ಬೀಳುತ್ತದೆಯೇ?

ಬೀಳುತ್ತದೆ. 2018ರ ಜನವರಿ 3ರಂದು ಬರ್ಗ್ಲಿಂಡ್ ಬಿರುಗಾಳಿಗೆ ಲೆಂಕ್ ಹತ್ತಿರ ರೈಲೊಂದು ಹಳಿ ತಪ್ಪಿ ಹಲವರಿಗೆ ಗಾಯವಾಯಿತು. 2023ರ ಮಾರ್ಚ್ 31ರಂದು ಬರ್ನ್ ಕ್ಯಾಂಟನ್‌ನಲ್ಲಿ ಒಂದೇ ಮಧ್ಯಾಹ್ನ ಎರಡು ರೈಲುಗಳು ಮಗುಚಿದವು, ಒಂದು ಲುಷೆರ್ಟ್ಸ್‌ನಲ್ಲಿ, ಇನ್ನೊಂದು ಬ್ಯೂರೆನ್ ಜುಮ್ ಹೋಫ್‌ನಲ್ಲಿ. ಮೂರೂ ಕಿರಿ ಅಗಲದ ಹಳಿಯ, ಹಗುರ ಬೋಗಿಯ ರೈಲುಗಳು. ಹಗುರ ಬೋಗಿ ಕರೆಂಟು ಉಳಿಸುತ್ತದೆ ನಿಜ, ಆದರೆ ಪಕ್ಕದಿಂದ ಬರುವ ಗಾಳಿಗೆ ಬೇಗ ಸೋಲುತ್ತದೆ. ಅಂಥ ಮಾರ್ಗಗಳಿಗೆ ಗಾಳಿಯ ಎಚ್ಚರಿಕೆ ಬಂದಾಗ ವೇಗ ತಗ್ಗಿಸುವುದು ಅಥವಾ ರೈಲು ನಿಲ್ಲಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಬೇಸಿಗೆಯಲ್ಲಿ ಈ ಸೇವೆಗೆ ರಜೆಯೇ?

ಇಲ್ಲ. ಬಿಸಿಲಿಗೆ ಹಳಿ ಹಿಗ್ಗುತ್ತದೆ. ಹಳಿಯ ಮೈ ಗಾಳಿಗಿಂತ 20 ಡಿಗ್ರಿ ಜಾಸ್ತಿ ಕಾಯಬಹುದು. ಬೆಟ್ಟದ ತಿರುವುಗಳಲ್ಲಿ ಹಳಿ ಪಕ್ಕಕ್ಕೆ ಸೊಟ್ಟಗಾಗುವ ಭಯ ಇರುತ್ತದೆ. ಬಿಸಿ ಹೀರದಿರಲಿ ಅಂತ ಹಳಿಗೆ ಬಿಳಿ ಬಣ್ಣ ಬಳಿದೂ ನೋಡಿದ್ದಾರೆ.

ಮಳೆ ಮತ್ತು ಗುಡ್ಡ ಕುಸಿತದ ವಿಷಯ ಹೇಗೆ?

ಇದೇ ಈಗ ಎಲ್ಲಕ್ಕಿಂತ ದೊಡ್ಡ ಚಿಂತೆ. ಹಿಮದ ಬಗ್ಗೆ ಅವರಿಗೆ ತಲೆಮಾರುಗಳ ಅನುಭವ ಇದೆ. ಕಡಿಮೆ ಹೊತ್ತಲ್ಲಿ ಸುರಿಯುವ ಭಾರಿ ಮಳೆ ಬೇರೆಯದೇ ಸವಾಲು.

2014ರ ಆಗಸ್ಟ್ 13ರಂದು ಟೀಫೆನ್‌ಕಾಸ್ಟೆಲ್ ಹತ್ತಿರ ಮಳೆಗೆ ನೆನೆದ ಗುಡ್ಡ ಜಾರಿ ರೇಟಿಯನ್ ರೈಲ್ವೆಯ ರೈಲಿಗೆ ಬಡಿಯಿತು, ಒಂದು ಬೋಗಿ ಇಳಿಜಾರಿಗೆ ಉರುಳಿತು. 2024ರ ಜೂನ್ 21ರಂದು ಮಿಸೋಕ್ಸ್ ಕಣಿವೆಯಲ್ಲಿ ಮೋಯೇಸಾ ನದಿ ಉಕ್ಕಿ ಎ13 ಹೆದ್ದಾರಿಯ ಸುಮಾರು 200 ಮೀಟರ್ ಉದ್ದವನ್ನು ಕೊಚ್ಚಿಕೊಂಡು ಹೋಯಿತು. ಎರಡು ವಾರದಲ್ಲಿ, ಜುಲೈ 5ಕ್ಕೆ, ರಸ್ತೆಯನ್ನು ಮತ್ತೆ ತೆರೆದರು. ಆ ವೇಗ ಮೆಚ್ಚುವಂಥದ್ದೇ. ಆದರೆ ಒಂದು ಸಂಜೆಯ ಗುಡುಗು ಮಳೆ ಯಾವ ಕಣಿವೆಯ ಮೇಲೆ ನಿಂತು ಸುರಿಯುತ್ತದೆ ಅನ್ನುವುದನ್ನು ಬೆಳಿಗ್ಗೆಯೇ ಖಚಿತವಾಗಿ ಹೇಳಲು ಇವತ್ತಿಗೂ ಸಾಧ್ಯವಿಲ್ಲ. ಹಾಗಾಗಿ ಮುನ್ಸೂಚನೆಯ ಜೊತೆಗೆ ಹಳ್ಳಗಳಲ್ಲೇ ಅಲಾರಂ ಇಡುತ್ತಾರೆ. 2017ರಲ್ಲಿ ಬೊಂಡೋ ಊರಿಗೆ ಮಣ್ಣುಕಲ್ಲಿನ ಪ್ರವಾಹ ನುಗ್ಗಿದಾಗ ಮೇಲಿನ ಕಣಿವೆಯಲ್ಲಿಟ್ಟಿದ್ದ ಅಲಾರಂ ಹೊಡೆದು ಊರಿನ ಜನ ಸಕಾಲಕ್ಕೆ ಹೊರಬಂದರು. ಆದರೆ ಅದೇ ದಿನ ಮೇಲೆ ನಡೆದು ಹೋಗುತ್ತಿದ್ದ 8 ಚಾರಣಿಗರು ಬದುಕುಳಿಯಲಿಲ್ಲ.

ನಿಧಾನವಾಗಿ ಜಾರುವ ಬೆಟ್ಟಗಳಿಗೆ ರಾಡಾರ್ ಕಾವಲು. ಬ್ರಿಯೆಂಟ್ಸ್ ಎಂಬ ಊರಿನ ಮೇಲಿನ ಬೆಟ್ಟ ದಿನಕ್ಕೆ ಎಷ್ಟು ಸರಿಯುತ್ತಿದೆ ಅಂತ ಅಳೆಯುತ್ತಲೇ ಇದ್ದರು. 2023ರ ಮೇ ತಿಂಗಳಲ್ಲಿ ಊರು ಖಾಲಿ ಮಾಡಿಸಿದರು. ಜೂನ್ 15ರ ರಾತ್ರಿ ಬೆಟ್ಟ ಕುಸಿದು ಊರಿನ ಅಂಚಿಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಇಷ್ಟು ಉದ್ದುದ್ದ ಸುರಂಗಗಳಿರುವಾಗ ಹವಾಮಾನದ ಚಿಂತೆ ಯಾಕೆ?

57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ರೈಲು ಸುರಂಗ 2016ರಲ್ಲಿ ತೆರೆಯಿತು. ಅದರೊಳಗೆ ಹಿಮ ಬೀಳದು, ಒಪ್ಪಿದೆ. ಆದರೆ ಸುರಂಗದ ಬಾಯಿಗೆ ಹೋಗುವ ದಾರಿ ಬಯಲಲ್ಲೇ ಇದೆಯಲ್ವಾ? ಇನ್ನು ಸುರಂಗ ಇಲ್ಲದ ಊರುಗಳೇ ಜಾಸ್ತಿ. ಸುರಂಗಗಳಿಂದ ಆದ ದೊಡ್ಡ ಉಪಕಾರ ಎಂದರೆ, ಮೇಲಿನ ಘಾಟಿಯನ್ನು ಧೈರ್ಯವಾಗಿ ಮುಚ್ಚಬಹುದು. 1999ರಲ್ಲಿ 19 ಕಿಲೋಮೀಟರಿನ ವೆರೈನಾ ರೈಲು ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿ ಫ್ಲುಯೆಲಾ ಘಾಟಿಗೆ ಹೋಗುವ ಅಗತ್ಯವೇ ಇಲ್ಲ. ಕಾರನ್ನು ರೈಲಿಗೆ ಹತ್ತಿಸಿ ಆಚೆ ಕಡೆ ಇಳಿಸುತ್ತಾರೆ.

ಕಾಡಿಗೂ ರಸ್ತೆಗೂ ಸಂಬಂಧ ಇದೆಯಂತೆ, ಹೌದೇ?

ಹೌದು. ದಟ್ಟ ಮರಗಳಿದ್ದರೆ ಹಿಮ ಒಂದೇ ಹಾಸಾಗಿ ಕೂರುವುದಿಲ್ಲ, ಜಾರಲು ಶುರುವಾಗುವುದೇ ಕಷ್ಟ. ಗೊಟ್ಹಾರ್ಡ್ ದಾರಿಯಲ್ಲಿರುವ ಆಂಡರ್ಮಟ್ ಊರಿನವರು 1397ರಲ್ಲೇ ತಮ್ಮ ಮೇಲಿನ ಕಾಡಿಗೆ ಕೊಡಲಿ ಹಾಕಬಾರದು ಅಂತ ಬರೆದಿಟ್ಟರು. ಆ ಮರಗಳು ಇವತ್ತಿಗೂ ಊರನ್ನು ಕಾಯುತ್ತಿವೆ.

ನಮ್ಮ ಶಿರಾಡಿ, ಚಾರ್ಮಾಡಿ, ಕೊಂಕಣ ರೈಲಿಗೆ ಇದರಿಂದ ಏನು ಕಲಿಯಬಹುದು?

ನಮ್ಮಲ್ಲಿ ಹಿಮ ಇಲ್ಲ, ಆದರೆ ಅವರಲ್ಲಿ ಇಲ್ಲದಂಥ ಮಳೆ ಇದೆ. ಕೊಂಕಣ ರೈಲ್ವೆ ಈ ವಿಷಯದಲ್ಲಿ ಆಗಲೇ ಬಹಳ ಮಾಡಿದೆ. 2003ರ ವೈಭವವಾಡಿ ದುರಂತ, 2004ರಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ರೈಲಿನ ದುರಂತ, ಎರಡೂ ಮಳೆಗಾಲದಲ್ಲಿ ಹಳಿಗೆ ಬಿದ್ದ ಕಲ್ಲುಮಣ್ಣಿನಿಂದ ಆದವು. ಅಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ತಗ್ಗಿಸಿದ ವೇಗ, ಸೇತುವೆಗಳಲ್ಲಿ ಗಾಳಿಮಾಪಕ, ಸ್ಟೇಷನ್‌ಗಳಲ್ಲಿ ಮಳೆಮಾಪಕ, ರಾತ್ರಿಹಗಲು ಹಳಿ ಗಸ್ತು ಇವೆ. ಮಳೆಯಲ್ಲಿ ನೆನೆಯುತ್ತ ಹಳಿ ಕಾಯುವ ಆ ಗ್ಯಾಂಗ್‌ಮನ್‌ಗಳಿಗೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು.

ರಸ್ತೆಯ ಕಡೆ ಕೆಲಸ ಬಾಕಿ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಅದೇ ತಿಂಗಳು ಎಡಕುಮೇರಿ ಹತ್ತಿರ ಕುಸಿತದಿಂದ ಬೆಂಗಳೂರು–ಮಂಗಳೂರು ರೈಲು ನಿಂತಿತ್ತು. ನಮಗೆ ಬರುವ ಕೆಂಪು, ಕಿತ್ತಳೆ ಎಚ್ಚರಿಕೆ ಇಡೀ ಜಿಲ್ಲೆಯದ್ದು. ಒಂದು ಗುಡ್ಡಕ್ಕೆ ಅದು ಸಾಲದು. ಆ ಗುಡ್ಡದ ಮೇಲೇ ಒಂದು ಮಳೆಮಾಪಕ ಬೇಕು, ಎಷ್ಟು ಮಳೆಗೆ ಗೇಟು ಹಾಕಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು, ಗೇಟು ಹಾಕುವ ಅಧಿಕಾರ ಸ್ಥಳದಲ್ಲಿರುವವರಿಗೆ ಇರಬೇಕು. ಯಂತ್ರಕ್ಕೆ ಆಗುವ ಖರ್ಚು ದೊಡ್ಡದಲ್ಲ. ಅಧಿಕಾರ ಕೊಡಲು ಮಾತ್ರ ಮನಸ್ಸು ಬೇಕು.

ಚಳಿಗಾಲದಲ್ಲಿ ಅಲ್ಲಿ ಬಾಡಿಗೆ ಕಾರು ಓಡಿಸುವ ಯೋಚನೆ ಇದೆ. ಏನೇನು ನೋಡಿಕೊಳ್ಳಬೇಕು?

ಕಾರಿಗೆ ಚಳಿಗಾಲದ ಟೈರ್ ಇದೆಯೇ ಅಂತ ಕೇಳಿ. ಕಾನೂನಿನಲ್ಲಿ ಕಡ್ಡಾಯ ಇಲ್ಲ. ಆದರೆ ಬೇಸಿಗೆ ಟೈರ್‌ನಲ್ಲಿ ಹೋಗಿ ಅಪಘಾತವಾದರೆ ಹೊಣೆ ನಿಮ್ಮ ಮೇಲೆ ಬರಬಹುದು. ನೀಲಿ ವೃತ್ತದಲ್ಲಿ ಚೈನ್ ಸುತ್ತಿದ ಟೈರ್ ಚಿತ್ರ ಕಂಡರೆ ಅಲ್ಲಿಂದ ಮುಂದೆ ಚೈನ್ ಕಡ್ಡಾಯ. ಹೊರಡುವ ಮುನ್ನ ಮನೆಯಲ್ಲೇ ಒಂದು ಸಲ ಹಾಕಿ ಅಭ್ಯಾಸ ಮಾಡಿ. ಹಿಮದಲ್ಲಿ ಕೈ ಮರಗಟ್ಟಿದಾಗ ಕಲಿಯಲಾಗದು.

ಗೊಟ್ಹಾರ್ಡ್, ಫುರ್ಕಾ, ಸುಸ್ಟೆನ್, ನುಫೆನೆನ್‌ನಂಥ ಎತ್ತರದ ಘಾಟಿ ರಸ್ತೆಗಳು ಸಾಮಾನ್ಯವಾಗಿ ಶರತ್ಕಾಲದ ಕೊನೆಯಿಂದ ಮೇ ಅಥವಾ ಜೂನ್‌ವರೆಗೆ ಮುಚ್ಚಿರುತ್ತವೆ. ಮ್ಯಾಪ್ ಆ ದಾರಿ ತೋರಿಸಿತು ಅಂತ ಸುಮ್ನೆ ಹೊರಡಬೇಡಿ. ಯೂಲಿಯರ್, ಬರ್ನಿನಾ ಘಾಟಿಗಳನ್ನು ಚಳಿಗಾಲದಲ್ಲೂ ತೆರೆದಿಡುತ್ತಾರೆ, ಆದರೂ ಹಿಮಗಾಳಿಗೆ ಕೆಲವು ಗಂಟೆ ಮುಚ್ಚುವುದುಂಟು. ಮೆಟಿಯೋಸ್ವಿಸ್ ಆ್ಯಪ್, ಎಸ್‌ಬಿಬಿ ಆ್ಯಪ್ ಎರಡನ್ನೂ ಇಟ್ಟುಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ವಿಮಾನ ಹಿಡಿಯುವ ಹಿಂದಿನ ರಾತ್ರಿ ಬೆಟ್ಟದ ಮೇಲಿನ ಊರಲ್ಲಿ ಉಳಿಯದೆ ಕೆಳಗಿನ ಪಟ್ಟಣಕ್ಕೆ ಬಂದುಬಿಡಿ.

ಗೇಟು ಹಾಕಿದ್ದಾರೆ, ಆದರೆ ಆಕಾಶ ತಿಳಿಯಾಗಿದೆ, ಒಳ್ಳೆ ಬಿಸಿಲು. ಪಕ್ಕದಿಂದ ದಾಟಿ ಹೋದರೆ ಏನಾಗುತ್ತದೆ?

ಹೋಗಬೇಡಿ. ದೊಡ್ಡ ಹಿಮ ಬಿದ್ದ ಮೇಲಿನ ಮೊದಲ ಬಿಸಿಲಿನ ದಿನ ತುಂಬ ಅಪಾಯದ ದಿನಗಳಲ್ಲಿ ಒಂದು. ಹೊಸ ಹಿಮ ಇನ್ನೂ ಕೂತಿರುವುದಿಲ್ಲ, ಬಿಸಿಲು ತಾಗಿದ ಇಳಿಜಾರು ಮೆತ್ತಗಾಗುತ್ತದೆ. ನೀವು ನಿಂತ ಜಾಗದಿಂದ ಸಾವಿರ ಮೀಟರ್ ಮೇಲಿರುವ ಆ ಇಳಿಜಾರು ರಸ್ತೆಯಿಂದ ಕಾಣುವುದೂ ಇಲ್ಲ. ಮುಚ್ಚಿದ ಹೊತ್ತನ್ನೇ ನೋಡಿಕೊಂಡು ಮೇಲೆ ಸ್ಫೋಟಕ ಹಾಕುತ್ತಿರಬಹುದು. ಗೇಟಿನ ಹತ್ತಿರ ಇರುವ ಫಲಕದಲ್ಲಿ ಬದಲಿ ದಾರಿ, ಕಾರು ಸಾಗಿಸುವ ರೈಲಿನ ಸ್ಟೇಷನ್ ಬರೆದಿದ್ದರೆ ಅತ್ತ ಹೋಗಿ. ಇಲ್ಲದಿದ್ದರೆ ಹತ್ತಿರದ ಊರಿಗೆ ವಾಪಸ್ ಬಂದು ಬಿಸಿಯಾಗಿ ಏನಾದರೂ ಕುಡಿಯುತ್ತ ಕಾಯಿರಿ. ತೆರೆದಾಗ ಊರಿನವರೇ ಹೇಳುತ್ತಾರೆ.